ತಾರಸಿಗೆ ಸಿಗುವ ಗಾಳಿ ಎಷ್ಟು?

1887ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಮೇರಿಕರ್ಕ್ ಎಂಬ ಹಳ್ಳಿಯಲ್ಲಿ ಪ್ರಾಧ್ಯಾಪಕ ಜೇಮ್ಸ್ ಬ್ಲೈತ್ ತಮ್ಮ ರಜೆಯ ಮನೆಯ ತೋಟದಲ್ಲಿ ಬಟ್ಟೆಯ ಪಟಗಳ ಗಾಳಿಯಂತ್ರವೊಂದನ್ನು ನಿಲ್ಲಿಸಿದರು. ಅದರಿಂದ ಬ್ಯಾಟರಿ ತುಂಬಿಸಿ ಮನೆಗೆ ದೀಪ ಹಚ್ಚಿದರು. ಮಿಕ್ಕ ಕರೆಂಟನ್ನು ಬೀದಿದೀಪಕ್ಕೆ ಕೊಡುತ್ತೇನೆಂದರೆ ಇದು ಸೈತಾನನ ಕೆಲಸ ಎಂದು ಊರವರು ಒಲ್ಲೆವೆಂದರು. ಮರುವರ್ಷ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಬ್ರಷ್ ತಮ್ಮ ಬಂಗಲೆಯ ಹಿತ್ತಲಲ್ಲಿ 144 ರೆಕ್ಕೆಗಳ ಚಕ್ರ ಎತ್ತಿ ನಿಲ್ಲಿಸಿದರು. ಅದು ಸುಮಾರು 20 ವರ್ಷ ಅವರ ಮನೆಯನ್ನು ಬೆಳಗಿತು. ಗಾಳಿ ಕರೆಂಟು ಮೊದಮೊದಲು ಬೆಳಗಿದ್ದು ಇಂಥ ಮನೆಯಂಗಳಗಳಲ್ಲಿ. ಹಾಗಿದ್ದೂ ಇಂದು ನಮ್ಮ ಬೀದಿಗಳಲ್ಲಿ ಸೋಲಾರ್ ಫಲಕ ಕಾಣುತ್ತವೆ, ಗಾಳಿಯಂತ್ರ ಕಾಣುವುದಿಲ್ಲ. ಇದಕ್ಕೆ ಜನರ ಉದಾಸೀನವೋ ಸರ್ಕಾರದ ಅಲಕ್ಷ್ಯವೋ ಕಾರಣವೆಂದು ದೂರುವ ಮೊದಲು ಬ್ರಷ್ ಅವರ ಚಕ್ರದ ಅಳತೆ ನೋಡಬೇಕು. ಅದರ ಅಡ್ಡಳತೆ 17 ಮೀಟರ್. ಅಷ್ಟು ದೊಡ್ಡದಾಗಿದ್ದೂ ಅದು ಕೊಟ್ಟದ್ದು ಹೆಚ್ಚೆಂದರೆ 12 ಕಿಲೋವ್ಯಾಟ್.

ಸೋಲಾರ್ ಫಲಕವನ್ನು ಅರ್ಧಕ್ಕೆ ಇಳಿಸಿದರೆ ಕರೆಂಟೂ ಅರ್ಧವಾಗುತ್ತದೆ, ಅಷ್ಟೆ. ಗಾಳಿಯ ಲೆಕ್ಕ ಹಾಗಿಲ್ಲ. ಚಕ್ರದ ಅಡ್ಡಳತೆ ಅರ್ಧವಾದರೆ ಅದು ಬಾಚುವ ಗಾಳಿ ಕಾಲು ಭಾಗಕ್ಕಿಳಿಯುತ್ತದೆ. ಗಾಳಿಯ ವೇಗ ಅರ್ಧವಾದರಂತೂ ಅದರೊಳಗಿನ ಶಕ್ತಿ ಎಂಟರಲ್ಲೊಂದು ಭಾಗವಾಗುತ್ತದೆ. ಎರಡು ಮೀಟರ್ ಅಡ್ಡಳತೆಯ ಯಂತ್ರವೊಂದನ್ನು ತೆಗೆದುಕೊಳ್ಳಿ. ಮನೆಗೆಂದು ಮಾರುವವು ಹೆಚ್ಚುಕಡಿಮೆ ಈ ಗಾತ್ರದವೇ. ಗಾಳಿಯ ಶಕ್ತಿಯಲ್ಲಿ ಶೇ. 59ಕ್ಕಿಂತ ಹೆಚ್ಚನ್ನು ಯಾವ ಚಕ್ರವೂ ಹೀರಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ತೋರಿಸಿದ್ದಾರೆ. ಸಣ್ಣ ಯಂತ್ರದ ಕೈಗೆ ಹತ್ತುವುದು ಕಾಲು ಭಾಗ ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 12 ಮೀಟರ್ ವೇಗದ ಬಿರುಗಾಳಿಗೆ ಅದು 800 ವ್ಯಾಟ್ ಕೊಟ್ಟೀತು. 6 ಮೀಟರಿಗೆ ಇಳಿದರೆ ನೂರು ವ್ಯಾಟ್. 3 ಮೀಟರಿನ ತಂಗಾಳಿಗೆ ಹದಿಮೂರು ವ್ಯಾಟ್. ಒಂದು ಎಲ್‌ಇಡಿ ಬಲ್ಬು ಉರಿಯಲು ಸಾಕು. ಡಬ್ಬಿಯ ಮೇಲೆ ಅಚ್ಚು ಹಾಕುವ ‘ಒಂದು ಕಿಲೋವ್ಯಾಟ್’ ಬಹುಮಟ್ಟಿಗೆ ಆ ಬಿರುಗಾಳಿಯ ಅಂಕಿ. ಕೊಳ್ಳುವವರು ಬದುಕುವುದು ತಂಗಾಳಿಯಲ್ಲಿ.

ಈ ಗಾಳಿಯೂ ತಾರಸಿಗೆ ನೆಟ್ಟಗೆ ಬರುವುದಿಲ್ಲ. ಪಕ್ಕದ ಕಟ್ಟಡ, ತೆಂಗಿನಮರ, ನೀರಿನ ಟ್ಯಾಂಕು ಒಂದೊಂದೂ ಅದನ್ನು ಮುರಿಯುತ್ತವೆ. ಗೋಡೆಗೆ ಬಡಿದ ಗಾಳಿ ಮೇಲಕ್ಕೆ ಚಿಮ್ಮಿ, ಪ್ಯಾರಪೆಟ್ ದಾಟಿದ ಮೇಲೆ ಸುರುಳಿ ಸುತ್ತಿಕೊಂಡು ತಾರಸಿಯ ಮೇಲೆ ಕುಣಿಯುತ್ತದೆ. ಒಗೆದು ಹಾಕಿದ ಸೀರೆ ಒಂದು ಗಳಿಗೆ ಈಚೆಗೆ, ಮರುಗಳಿಗೆ ಆಚೆಗೆ ಹಾರುವುದು ಇದರಿಂದಲೇ. ನಮ್ಮ ಮೈಗೆ ಅದು ಜೋರು ಗಾಳಿ. ಯಂತ್ರಕ್ಕೆ ಅದು ಬರೀ ಪೆಟ್ಟು. ದಿಕ್ಕು ಹುಡುಕುತ್ತ ತಲೆ ತಿರುಗಿಸುವುದರಲ್ಲೇ ಅದರ ಹೊತ್ತು ಕಳೆಯುತ್ತದೆ, ಬೇರಿಂಗು ಸವೆಯುತ್ತದೆ, ಅದುರು ಕಂಬದಿಂದಿಳಿದು ಕೆಳಗಿನ ಮಲಗುವ ಕೋಣೆಗೆ ಬರುತ್ತದೆ. ನಮಗಿಂತ ಹೆಚ್ಚು ಗಾಳಿ ಬೀಸುವ ಬ್ರಿಟನ್ನಿನಲ್ಲಿ 2007-08ರ ಹೊತ್ತಿಗೆ ಕಟ್ಟಡಗಳ ಮೇಲೆ ಕೂರಿಸಿದ 26 ಸಣ್ಣ ಯಂತ್ರಗಳನ್ನು ಅಳೆದು ನೋಡಿದರು. ವಾರಿಕ್ ಪ್ರಯೋಗ ಎಂದು ಅದರ ಹೆಸರು. ನಿಂತ, ಕೆಟ್ಟ ದಿನಗಳನ್ನೂ ಸೇರಿಸಿದರೆ ವರ್ಷಕ್ಕೆ ಸರಾಸರಿ 78 ಯೂನಿಟ್. ಆ ದಿನಗಳನ್ನು ಬಿಟ್ಟು ಉದಾರವಾಗಿ ಎಣಿಸಿದರೂ 230. ಕರ್ನಾಟಕದ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಸೋಲಾರ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಆ 78ನ್ನು ಅದು ಇಪ್ಪತ್ತು ದಿನದಲ್ಲಿ ಮುಗಿಸುತ್ತದೆ.

ನೆಟ್ಟಗೆ ನಿಂತು ಸುತ್ತುವ ಯಂತ್ರಗಳಿಗೆ ದಿಕ್ಕಿನ ಗೊಡವೆ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ನಿಜ, ಅವು ಯಾವ ಕಡೆಯ ಗಾಳಿಗೂ ತಿರುಗುತ್ತವೆ. ಆದರೆ ಮುರಿದ ಗಾಳಿ ಕಳೆದುಕೊಂಡ ವೇಗವನ್ನು ಅವೂ ಮರಳಿ ತರಲಾರವು. ಇದಕ್ಕಿಂತ ಗಟ್ಟಿಯಾದ ವಾದ ಇನ್ನೊಂದಿದೆ. ಆಷಾಢದಲ್ಲಿ ಮೋಡ ಕವಿದು ಸೋಲಾರ್ ಸೊರಗಿದಾಗಲೇ ಗಾಳಿ ಹುಚ್ಚೆದ್ದು ಬೀಸುತ್ತದೆ, ರಾತ್ರಿಯೂ ಬೀಸುತ್ತದೆ. ಎರಡೂ ಇದ್ದರೆ ಒಂದಕ್ಕೊಂದು ಆಸರೆಯಲ್ಲವೇ? ಖಂಡಿತ ಆಸರೆ. ಪಟ್ಟಣದ ಮನೆಗೆ ಮಾತ್ರ ಆ ಜೋಡಿ ತಂತಿಯಲ್ಲೇ ಬರುತ್ತಿದೆ. ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ, ಮರ ಮನೆಗಳ ತಡೆಯಿಲ್ಲದ ಎತ್ತರದಲ್ಲಿ ತಿರುಗುವ ಫ್ಯಾನುಗಳ ಕರೆಂಟೂ ಪಾವಗಡದ ಬಿಸಿಲಿನ ಕರೆಂಟೂ ಒಂದೇ ಜಾಲಕ್ಕೆ ಸೇರುತ್ತವೆ. ಅಷ್ಟು ಎತ್ತರದ ಗಾಳಿಯನ್ನು ಬಿಟ್ಟು ತಾರಸಿಯ ಸುಳಿಗಾಳಿಗೆ ಲಕ್ಷಗಟ್ಟಲೆ ಸುರಿಯುವುದು ಹಣದ ಪೋಲು ಎಂದೇ ನನ್ನ ತೀರ್ಮಾನ.

ತಂತಿ ಮುಟ್ಟದ, ಮುಟ್ಟಿದರೂ ಮಳೆಗಾಲವಿಡೀ ಕೈಕೊಡುವ ಗುಡ್ಡದ ಮೇಲಿನ ತೋಟದ ಮನೆಯ ಮಾತು ಬೇರೆ. ಸುತ್ತ ಬಯಲಿದ್ದು, ವರ್ಷದ ಸರಾಸರಿ ಗಾಳಿ ಸೆಕೆಂಡಿಗೆ ಐದು ಮೀಟರ್ ಮುಟ್ಟುವಂತಿದ್ದರೆ ನಾಲ್ಕು ಫಲಕ, ಒಂದು ಗಾಳಿಯಂತ್ರ, ಒಂದಿಷ್ಟು ಬ್ಯಾಟರಿ ಸೇರಿ ಆಷಾಢವನ್ನು ದಾಟಿಸುತ್ತವೆ. ಕಂಬ ಮಾತ್ರ ಮನೆಯ ಮೇಲಲ್ಲ, ನೆಲದಲ್ಲೇ ನಿಲ್ಲಬೇಕು. ಸುತ್ತ ನೂರೈವತ್ತು ಮೀಟರ್ ದೂರದೊಳಗಿರುವ ಅತಿ ಎತ್ತರದ ಮರಕ್ಕಿಂತಲೂ ಒಂಬತ್ತು ಮೀಟರ್ ಮೇಲಿರಬೇಕು. ರಿಪೇರಿಗೆ ಬುಡದಿಂದ ಬಾಗಿಸಿ ಇಳಿಸುವಂತಿರಬೇಕು. ಅದಕ್ಕೂ ಮೊದಲು ಅದೇ ಜಾಗದಲ್ಲಿ ಗಳು ನೆಟ್ಟು, ತುದಿಗೆ ವೇಗಮಾಪಕ ಕಟ್ಟಿ, ಒಂದು ವರ್ಷ ಬರೆದಿಡಬೇಕು. ಆಷಾಢದಂತೆಯೇ ಎಲೆ ಅಲ್ಲಾಡದ ಚೈತ್ರದ ಮಧ್ಯಾಹ್ನಗಳೂ ಆ ಪುಸ್ತಕದಲ್ಲಿ ಇರಬೇಕು.