ಮರ ಹುಟ್ಟುವ ಮುಂಚಿನ ಕಲ್ಲು

ಸೌದಿಯ ತಬೂಕ್ ನಗರದಲ್ಲಿ ಹಿಜಾಝ್ ರೈಲ್ವೆಯ ಹಳೆಯ ನಿಲ್ದಾಣವಿದೆ. ಡಮಾಸ್ಕಸ್‌ನಿಂದ ಮದೀನಾಕ್ಕೆ ಹೊರಟ ಹಳಿ 1906ರಲ್ಲಿ ಇಲ್ಲಿಗೆ ಬಂತು. ಉಗಿ ಎಂಜಿನ್ನಿಗೆ ಬೇಕಾದ ಕಲ್ಲಿದ್ದಲು ಮಾತ್ರ ದೂರದ ದೇಶಗಳಿಂದ ಹಡಗೇರಿ ಬರಬೇಕಿತ್ತು. ಮೊದಲ ಮಹಾಯುದ್ಧದಲ್ಲಿ ಅದಕ್ಕೂ ಕುತ್ತು ಬಂದಾಗ ಮರ ಕಡಿದು ಸೌದೆ ಉರಿಸಿ ರೈಲು ಓಡಿಸಿದರು.

ಇಷ್ಟೆಲ್ಲ ಎಣ್ಣೆ ಇರುವ ನಾಡಿನ ಈ ಮೂಲೆಯಲ್ಲಿ ಕಲ್ಲಿದ್ದಲೇಕಿಲ್ಲ? ಇದಕ್ಕೆ ಉತ್ತರ ತಬೂಕ್ ಸುತ್ತಲಿನ ಕಲ್ಲಿನಲ್ಲೇ ಇದೆ. ಅಲ್ಲಿನ ಮರಳುಗಲ್ಲು, ಶೇಲ್ (ಜೇಡಿಕಲ್ಲು) ಪದರಗಳಿಗೆ ಭೂವಿಜ್ಞಾನಿಗಳು ಊರಿನ ಹೆಸರನ್ನೇ ಇಟ್ಟರು. ಅವುಗಳಲ್ಲಿ ಬಹುಪಾಲು 40 ಕೋಟಿ ವರ್ಷಕ್ಕೂ ಹಳೆಯವು, ಹೆಚ್ಚಿನವು ಕಡಲತಳದ ಮರಳು, ಕೆಸರು. ಶೇಲ್ ಬಿಡಿಸಿದರೆ ಗ್ರ್ಯಾಪ್ಟೊಲೈಟ್ ಎಂಬ ಕಡಲಜೀವಿಗಳ ಗುರುತು ಸಿಗುತ್ತದೆ: ಪೆನ್ಸಿಲಿನಲ್ಲಿ ಗೀಚಿದ ಪುಟ್ಟ ಗರಗಸದ ಅಲಗಿನಂತೆ. ಆಗ ಭೂಮಿಯ ಮೇಲೆ ಮರವೇ ಇರಲಿಲ್ಲ. ಮರವಿಲ್ಲದೆ ಕಲ್ಲಿದ್ದಲೆಲ್ಲಿಯದು? ಆದರೆ ಕಡಲಿನ ಸೂಕ್ಷ್ಮಜೀವಿಗಳು ಹೂತುಹೋದ ಕುಸೈಬಾ ಎಂಬ ಕಪ್ಪು ಶೇಲ್ ಎಣ್ಣೆ, ಅನಿಲ ಕೊಟ್ಟಿತು.

ಗಿಡಗಳ ಸುಳಿವೇ ಇಲ್ಲವೆಂದಲ್ಲ. ಸೌದಿ ನೆಲದಾಳದಿಂದ ಕೊರೆದು ತೆಗೆದ ಸುಮಾರು 44 ಕೋಟಿ ವರ್ಷ ಹಿಂದಿನ ಕಲ್ಲಿನಲ್ಲಿ ಬರಿಗಣ್ಣಿಗೆ ಕಾಣದ ಬೀಜಕಣಗಳು ಸಿಕ್ಕವು. ಒಂದೊಂದರ ಮೈಮೇಲೂ ಮೂರು ಕವಲಿನ ಗೆರೆ. ಇವುಗಳ ಆಧಾರದ ಮೇಲೆ, ನೀರು ಸಾಗಿಸುವ ನಾಳವಿದ್ದ ಸಸ್ಯಗಳು ಗೊಂಡ್ವಾನ ಎಂಬ ಪ್ರಾಚೀನ ಮಹಾಖಂಡದಲ್ಲೇ ಮೊದಲು ಹುಟ್ಟಿರಬಹುದೆಂದು 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಸಂಶೋಧನೆ ವಾದಿಸಿತು. ಅದೇ ಗೊಂಡ್ವಾನದ ತುಂಡುಗಳು ಅರೇಬಿಯಾ, ನಮ್ಮ ಭಾರತ.

ಆ ಬೀಜಕಣಗಳಾದ ಮೇಲೆ ಸುಮಾರು 15 ಕೋಟಿ ವರ್ಷಕ್ಕೆ ಗೋದಾವರಿ ಕಣಿವೆಯ ಜೌಗುನೆಲದಲ್ಲಿ ಗ್ಲಾಸಾಪ್ಟೆರಿಸ್ ಎಂಬ ಮರಗಳ ಕಾಡು ಬೆಳೆದಿತ್ತು. ಅದು ಹೂತು ಸಿಂಗರೇಣಿಯ ಕಲ್ಲಿದ್ದಲಾಯಿತು. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಉರಿಯುತ್ತಿರುವ ಕಲ್ಲಿದ್ದಲಿನಲ್ಲಿ ಅದರದ್ದೂ ಪಾಲಿದೆ. ಕಲ್ಲಿದ್ದಲ ಪದರದ ಜೊತೆಗಿನ ಶೇಲ್ ಹಲಗೆಯಲ್ಲಿ ಆ ಮರದ ಎಲೆ ಇಂದಿಗೂ ಕಾಣುತ್ತದೆ: ನಾಲಗೆಯಾಕಾರ, ನಡುವೆ ದಪ್ಪ ನರ, ಇಕ್ಕೆಲದಲ್ಲೂ ಬಲೆಯಂಥ ಸಣ್ಣ ನರಗಳು. ಫ್ರೆಂಚ್ ವಿಜ್ಞಾನಿ ಬ್ರೋನಿಯಾರ್ 1828ರಲ್ಲಿ ಹೆಸರಿಟ್ಟ ಎಲೆಯಿದು. 1912ರಲ್ಲಿ ದಕ್ಷಿಣ ಧ್ರುವದಿಂದ ಮರಳುವಾಗ ಪ್ರಾಣಬಿಟ್ಟ ಅನ್ವೇಷಕ ಸ್ಕಾಟ್‌ನ ತಂಡ ಕೊನೆಯವರೆಗೂ ಎಳೆದೊಯ್ದ ಸುಮಾರು 16 ಕಿಲೋ ಕಲ್ಲುಗಳಲ್ಲೂ ಇದೇ ಎಲೆಯಿತ್ತು.

ಈ ಕಲ್ಲಿದ್ದಲ ಬೆಳಕಿನಲ್ಲಿ ಓದಿ ಬೆಳೆದವರು ನಾವು. ರಾಯಚೂರು ಸೀಮೆಯ ಶಾಲೆಗಳಲ್ಲಿ ಆ ಎಲೆ ಅಚ್ಚೊತ್ತಿದ ಒಂದೊಂದು ಶೇಲ್ ಹಲಗೆಯಾದರೂ ಇರಲಿ. ಮಕ್ಕಳು ಅದರ ನರಗಳ ಮೇಲೆ ಬೆರಳಾಡಿಸಲಿ.