ಚಪಡನ ರುಜು

ಬಾಗೂರು ಇರುವುದು ಚಿತ್ರದುರ್ಗ ಜಿಲ್ಲೆಯ ಒಂದು ಕೊನೆಗೆ, ಹೊಸದುರ್ಗದ ಕಡೆ. ಅಲ್ಲಿಂದ ಇಡೀ ಜಿಲ್ಲೆ ದಾಟಿ ಮೊಳಕಾಲ್ಮೂರು ಸೀಮೆ ಸೇರಿದರೆ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಸಿಗುತ್ತವೆ. 1892ರಲ್ಲಿ ಬಿ. ಎಲ್. ರೈಸ್ ಇಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಬೆಂಗಳೂರಲ್ಲೇ ಹುಟ್ಟಿ, ಮೈಸೂರು ಸಂಸ್ಥಾನದ ಊರೂರಿನ ಕಲ್ಲುಗಳನ್ನು ಓದಿಸಿದ ಮನುಷ್ಯ ಆತ. ಮೌರ್ಯರ ಆಣತಿ ಇಷ್ಟು ದಕ್ಷಿಣಕ್ಕೆ ನಡೆಯುತ್ತಿತ್ತೆಂದು ಈ ಬಂಡೆಗಳೇ ಸಾರಿದವು. ಮೌರ್ಯರ ಪ್ರಾಂತೀಯ ಕೇಂದ್ರ ಸುವರ್ಣಗಿರಿಯಿಂದ ಈ ಸೀಮೆಯ ಇಸಿಲದ ಅಧಿಕಾರಿಗಳಿಗೆ ಬಂದ ಆದೇಶವದು: ತಂದೆತಾಯಿಗಳ ಮಾತು ಕೇಳಿ, ಸತ್ಯ ನುಡಿಯಿರಿ, ಜೀವಿಗಳ ಮೇಲೆ ದಯೆಯಿರಲಿ.

ವಿದ್ವಾಂಸರೆಲ್ಲ ಅಶೋಕನ ಮಾತಿಗೆ ಮುಗಿಬಿದ್ದರು. ನನಗೆ ಮಾತ್ರ ಕೊನೆಯ ಸಾಲಿನದೇ ಚಪಲ. ಆದೇಶವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ: ನೆಟ್ಟಗಿನ ಗೆರೆ, ಕೋನ, ವೃತ್ತ, ಎಡದಿಂದ ಬಲಕ್ಕೆ ಓಟ. ಬರೆದವನು ಚಪಡ ಎಂಬಲ್ಲಿಗೆ ಬಂದು ಮುಂದಿನ ಐದಕ್ಷರಕ್ಕೆ ಕೈ ದಿಕ್ಕನ್ನೇ ಬದಲಿಸುತ್ತದೆ. ಅವು ಬಲದಿಂದ ಎಡಕ್ಕೆ ಓದಬೇಕಾದ ಖರೋಷ್ಠಿ ಅಕ್ಷರಗಳು. ವಿಯೆನ್ನಾದ ಪ್ರೊಫೆಸರ್ ಗಿಯಾರ್ಗ್ ಬ್ಯೂಲರ್ ಬಿಡಿಸಿ ಓದಿದಾಗ ಬಂದದ್ದು 'ಲಿಪಿಕರೇಣ', ಅಂದರೆ ಲಿಪಿಕಾರನಿಂದ. (ಹೆಸರು ಚಪಡನೋ ಬರೀ ಪಡನೋ ಎಂಬ ತಕರಾರೂ ಇದೆ.)

ಖರೋಷ್ಠಿ ಬಳಕೆಯಲ್ಲಿದ್ದದ್ದು ವಾಯವ್ಯದ ಗಾಂಧಾರದ ಕಡೆ. ಅಶೋಕನ ಖರೋಷ್ಠಿ ಶಾಸನಗಳಿರುವ ಮಾನ್ಸೆಹ್ರಾ, ಶಾಹಬಾಜ್‌ಗಢಿ ಬ್ರಹ್ಮಗಿರಿಗೆ ಎರಡು ಸಾವಿರ ಕಿಲೋಮೀಟರಿಗೂ ದೂರ. ಅರಾಮೈಕ್ ಮೂಲದ ಆ ಲಿಪಿ ಲೇಖನಿ, ಮಸಿಗಳ ಕೈಕೆಳಗೆ ಬೆಳೆದದ್ದು. ಓರೆ, ಬಾಗು, ಸರಕ್ಕನೆ ಎಳೆದ ಗೆರೆ ಅದರ ಗುಣ. ಇಸಿಲದಲ್ಲಿ ಅದನ್ನು ಓದಬಲ್ಲವರು ಇದ್ದಿರಲಾರರು. ಹಾಗಾದರೆ ಬರೆದದ್ದೇಕೆ? ಎರಡು ಲಿಪಿ ಬಲ್ಲೆನೆಂಬ ಜಂಬಕ್ಕೆ ಎಂದೇ ನನ್ನ ಅನುಮಾನ. ರಾಜನ ಮಾತಿಗೆ ಸರ್ಕಾರಿ ಅಕ್ಷರ, ತನ್ನ ಕಸುಬಿನ ಹೆಸರಿಗೆ ಕೈಬರಹ.

ಇವತ್ತು ಕೈಬರಹದ ಫಾಂಟುಗಳಿಗೆ ಒಗ್ಗುವ ಕೆಲಸವೂ ಇಷ್ಟೇ: ಒಂದು ಹೆಸರು, ಒಂದು ರುಜು. ಫ್ರಾನ್ಸಿನ ರೋಜೆ ಎಕ್ಸ್‌ಕೊಫೋನ್ ತನ್ನದೇ ಬರವಣಿಗೆಯಿಂದ 1953ರಲ್ಲಿ ಹೊರತಂದ ಮಿಸ್ಟ್ರಾಲ್ ಫಾಂಟು ಅಂಗಡಿಯ ಬೋರ್ಡಿಗೆ ಸೊಗಸು, ಪುಟಗಟ್ಟಲೆ ಓದಿಗೆ ಹಿಂಸೆ. ಬಾಗೂರಿನ ಮದುವೆ ಕರೆಯೋಲೆಯಲ್ಲಿ ವಧೂವರರ ಹೆಸರು ಬಳುಕಲಿ. ಮುಹೂರ್ತವೂ ಬಳುಕಿದರೆ ನೆಂಟರು ತಾಳಿ ಕಟ್ಟಿದ ಮೇಲೆ ಬಂದಾರು.

ಮಿಸ್ಟ್ರಾಲಿನಲ್ಲಿ ಅಕ್ಷರಗಳು ಒಂದಕ್ಕೊಂದು ಕೈ ಹಿಡಿಯುತ್ತವೆ. ಕನ್ನಡದ ಅಕ್ಷರಗಳು ಚಪಡನ ಖರೋಷ್ಠಿಯಂತೆ ಬಿಡಿಬಿಡಿ. ಅರವಿಂದ ವಿ.ಕೆ. ರೂಪಿಸಿದ 'ನವಿಲು' ಥರದ ಕೈಬರಹದ ಮುಕ್ತ ಫಾಂಟಿನಲ್ಲೂ ಸಲಿಗೆ ಮೂಡಬೇಕಾದದ್ದು ಕೊಂಡಿಯಿಂದಲ್ಲ, ತಲೆಕಟ್ಟಿನ ವಾಲುವಿಕೆ, ಕೊಂಬಿನ ಎಳೆತಗಳಿಂದ.