ನಿಮಗಿದು ಗೊತ್ತೆ? ಪೈಲಟ್ ಕಣ್ಣೆದುರಿನ ಪರದೆ

ಹಳೆಯ ವಿಮಾನಗಳ ಎತ್ತರಮಾಪಕದಲ್ಲಿ ಗಡಿಯಾರದಂತೆ ಮೂರು ಮುಳ್ಳುಗಳಿದ್ದವು. ಒಂದು ನೂರರ, ಒಂದು ಸಾವಿರದ, ಇನ್ನೊಂದು ಹತ್ತು ಸಾವಿರದ ಅಡಿಗಳ ಲೆಕ್ಕ ತೋರಿಸುತ್ತಿತ್ತು. ಅವಸರದಲ್ಲಿ ಮುಳ್ಳು ತಪ್ಪಿ ಓದಿದರೆ ಸಾವಿರಾರು ಅಡಿಗಳ ವ್ಯತ್ಯಾಸ! 1947ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್, ಉಪಕರಣ ಓದುವಾಗ ಪೈಲಟ್‌ಗಳಿಂದಾದ 270 ತಪ್ಪುಗಳನ್ನು ಪರಿಶೀಲಿಸಿದರು. ದೋಷ ಪೈಲಟ್‌ಗಳದ್ದಷ್ಟೇ ಅಲ್ಲ, ಉಪಕರಣದ ವಿನ್ಯಾಸದ್ದೂ ಹೌದು ಎಂಬುದು ಅದರಿಂದ ಸ್ಪಷ್ಟವಾಯಿತು.

1970ರ ದಶಕದ ಪ್ರಯಾಣಿಕ ವಿಮಾನಗಳಲ್ಲಿ ನೂರಕ್ಕೂ ಹೆಚ್ಚು ಮಾಪಕ, ಗುಂಡಿಗಳಿದ್ದವು. ಅವುಗಳ ಬದಲು ಪರದೆ ಬಳಸುವ ಪ್ರಯೋಗವನ್ನು ನಾಸಾ ಒಂದು ಬೋಯಿಂಗ್ 737ರಲ್ಲಿ ನಡೆಸಿತು. 1982ರಲ್ಲಿ ಸೇವೆಗೆ ಬಂದ ಬೋಯಿಂಗ್ 767ರಲ್ಲಿ ಇಂಥ ಪರದೆಗಳಿದ್ದವು. ಪರದೆ ಬಂದರೂ ಜೋಡಣೆ ಬದಲಾಗಲಿಲ್ಲ: ನಡುವೆ ವಿಮಾನದ ವಾಲಿಕೆ, ಎಡಕ್ಕೆ ವೇಗ, ಬಲಕ್ಕೆ ಎತ್ತರ, ಕೆಳಗೆ ದಿಕ್ಕು. ರೂಢಿಯಾದ ಕಣ್ಣನ್ನು ಗೊಂದಲಕ್ಕೆ ತಳ್ಳದಿರುವುದೇ ಜಾಣತನ. ತಕ್ಷಣ ಕ್ರಮ ಬೇಕಾದ ಎಚ್ಚರಿಕೆಗೆ ಕೆಂಪು, ಅದಕ್ಕಿಂತ ಕಡಿಮೆ ತುರ್ತಿನದಕ್ಕೆ ಹಳದಿ.

ಪರೀಕ್ಷೆಯೂ ಕಠಿಣ. ನೇರ ಬಿಸಿಲು ಬಿದ್ದಾಗ ಅಂಕಿಗಳು ಕಾಣಬೇಕು, ರಾತ್ರಿ ಕಣ್ಣು ಕೋರೈಸಬಾರದು. ಕಂಪನ, ಬಿಸಿ, ಚಳಿಗಳನ್ನು ಪರದೆ ತಾಳಬೇಕು. ಒಂದು ಪರದೆ ಕೆಟ್ಟರೆ ಮುಖ್ಯ ಮಾಹಿತಿ ಪಕ್ಕದ್ದರಲ್ಲಿ ಮೂಡಬೇಕು. ಸಿಮ್ಯುಲೇಟರ್‌ನಲ್ಲಿ ಪೈಲಟ್‌ಗಳನ್ನು ಕೂರಿಸಿ, ಅವರ ದೃಷ್ಟಿ ಎಲ್ಲೆಲ್ಲಿ ಹರಿಯುತ್ತದೆ ಎಂದು ಅಳೆಯುವುದೂ ಉಂಟು.

ಯುದ್ಧವಿಮಾನಗಳಲ್ಲಿ ಪೈಲಟ್ ತಲೆ ತಗ್ಗಿಸಲೇಬೇಕಿಲ್ಲ. ಎದುರಿನ ಪಾರದರ್ಶಕ ಗಾಜಿನ ಮೇಲೆಯೇ ಅಂಕಿಗಳು ಮೂಡುತ್ತವೆ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್‌ಗೆ ಈ ಸಾಧನವನ್ನು ಅಭಿವೃದ್ಧಿಪಡಿಸಿದ್ದು ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣಗಳ ಸಂಸ್ಥೆ.